ಚುಚ್ಚಿ ಚುಚ್ಚಿ ಕರಡಿ ಮರಿ: ಉಣ್ಣೆಯ ಪುಟ್ಟ ಟೆಡ್ಡಿ ಮಾಡುವುದು ಹೇಗೆ?

ಹೊಲಿಗೆ ಬರುವುದಿಲ್ಲ, ಕ್ರೋಶಾ ಬರುವುದಿಲ್ಲ, ಚಿತ್ರ ಬಿಡಿಸಲಂತೂ ಬರುವುದೇ ಇಲ್ಲ ಎನ್ನುವವರೂ ಕಲಿಯಬಹುದಾದ ಕೆಲಸ ಇದು. ಬೇಕಾಗುವುದು ಒಂದೆರಡು ಹಿಡಿ ಬಿಡಿ ಉಣ್ಣೆ ಮತ್ತು ಇದಕ್ಕೆಂದೇ ಇರುವ ಸೂಜಿ. ಅಂಟು ಬೇಡ, ಹೊಲಿಗೆ ಮೆಷಿನ್ ಬೇಡ. ಉಣ್ಣೆಯನ್ನು ಸುತ್ತಿ, ಸೂಜಿಯಿಂದ ಚುಚ್ಚುತ್ತಾ ಹೋದರೆ ಅದು ಗಟ್ಟಿಯಾಗಿ ನಿಮಗೆ ಬೇಕಾದ ಆಕಾರಕ್ಕೆ ಬರುತ್ತದೆ. ಇದರ ಹೆಸರು ನೀಡಲ್ ಫೆಲ್ಟಿಂಗ್. ಮಂಗಳೂರು, ಉಡುಪಿಯ ಮಳೆಗಾಲದ ಸಂಜೆಗಳಿಗೆ ಹೇಳಿ ಮಾಡಿಸಿದ ಕೆಲಸ. ಒಂದೇ ಪಟ್ಟಿಗೆ ಕೂತು ಮುಗಿಸುವ ಹಟ ಬೇಡ, ಎರಡು ಮೂರು ಸಂಜೆಗೆ ಹಂಚಿಕೊಳ್ಳಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊಸಬರ ಕರಡಿ ಕೆಡುವುದು ಹೆಚ್ಚಾಗಿ ಹೊಟ್ಟೆಯಲ್ಲೇ. ಎಲ್ಲರಿಗೂ ಕಣ್ಣು ಮೂಗು ಇಡುವ ಅವಸರ. ಮೈ ಮೆತ್ತಗಿರುವಾಗಲೇ ತಲೆ ಜೋಡಿಸಿದರೆ ಕತ್ತು ವಾಲುತ್ತದೆ, ಕಾಲು ಜೋತು ಬೀಳುತ್ತದೆ. ಆಮೇಲೆ ಮುಖ ಎಷ್ಟು ಚಂದ ಮಾಡಿದರೂ ಪ್ರಯೋಜನವಿಲ್ಲ. ಹಾಗಾಗಿ ನಿಮ್ಮ ಸಮಯದ ಅರ್ಧಕ್ಕಿಂತ ಜಾಸ್ತಿ ಹೊಟ್ಟೆ, ತಲೆ, ಕೈಕಾಲು ಗಟ್ಟಿ ಮಾಡುವುದಕ್ಕೇ ಹೋಗಲಿ.

ಚುಚ್ಚಿದರೆ ಗಟ್ಟಿಯಾಗುವುದು ಯಾಕೆ?

ಕುರಿಯ ಉಣ್ಣೆಯ ಪ್ರತಿ ಎಳೆಯ ಮೇಲೂ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿವೆ, ಮೀನಿನ ಮೈಯಲ್ಲಿರುವ ಹಾಗೆ. ಫೆಲ್ಟಿಂಗ್ ಸೂಜಿ ಮಾಮೂಲಿ ಸೂಜಿಯಂತೆ ನುಣುಪಾಗಿರುವುದಿಲ್ಲ. ಅದರ ಅಂಚಿನಲ್ಲಿ ಪುಟ್ಟ ಪುಟ್ಟ ಕಚ್ಚುಗಳಿರುತ್ತವೆ. ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿದರೆ ಕಟಕಟ ಎಂದು ಗೊತ್ತಾಗುತ್ತದೆ. ಸೂಜಿ ಒಳಗೆ ಹೋಗುವಾಗ ಆ ಕಚ್ಚುಗಳು ಹೊರಗಿನ ಎಳೆಗಳನ್ನು ಒಳಕ್ಕೆ ತಳ್ಳುತ್ತವೆ. ಹೊರಗೆ ಬರುವಾಗ ಎಳೆಗಳನ್ನು ಅಲ್ಲೇ ಬಿಟ್ಟು ಬರುತ್ತವೆ. ಹುರುಪೆಗೆ ಹುರುಪೆ ಸಿಕ್ಕಿಕೊಂಡು ಗಂಟಾಗುತ್ತದೆ. ಒಮ್ಮೆ ಗಂಟಾದದ್ದನ್ನು ಬಿಡಿಸಲು ಆಗುವುದಿಲ್ಲ, ಆದರೆ ಮೇಲೆ ಇನ್ನಷ್ಟು ಉಣ್ಣೆ ಸೇರಿಸಬಹುದು. ಅದಕ್ಕೇ ಯಾವ ಭಾಗವನ್ನಾದರೂ ಸ್ವಲ್ಪ ಚಿಕ್ಕದಾಗಿಯೇ ಶುರು ಮಾಡುವುದು ಜಾಣತನ.

ಸಾಮಾನು ಕೊಳ್ಳುವ ಮೊದಲು

ಸೂಜಿಗೆ ನಂಬರ್ ಇರುತ್ತದೆ. ನಂಬರ್ ದೊಡ್ಡದಾದಷ್ಟು ಸೂಜಿ ಸಪೂರ. 36 ದಪ್ಪ, ಬೇಗ ಆಕಾರ ಕೊಡುತ್ತದೆ. 38 ಎಲ್ಲಕ್ಕೂ ಆಗುತ್ತದೆ. 40 ಕೊನೆಯ ನುಣುಪಿಗೆ. ಒಂದು 36, ಮೂರು 38, ಒಂದು 40 ಇದ್ದರೆ ಸಾಕು. 38 ಮೂರು ಯಾಕೆಂದರೆ ಎರಡಾದರೂ ಮುರಿಯುತ್ತವೆ, ನೋಡುತ್ತಿರಿ. ಸೂಜಿಯನ್ನು ಆನ್‌ಲೈನ್‌ನಲ್ಲಿ ತರಿಸುವುದೇ ಸುಲಭ.

ಉಣ್ಣೆಯಲ್ಲಿ ಮೋಸ ಹೋಗುವುದು ಜಾಸ್ತಿ. ಮಂಗಳೂರಿನ ಹಂಪನಕಟ್ಟೆಯಲ್ಲಾಗಲಿ ಉಡುಪಿಯ ರಥಬೀದಿ ಸುತ್ತಮುತ್ತಲಾಗಲಿ ‘ಉಲ್ಲನ್’ ಎಂದು ಸಿಗುವ ಬಣ್ಣದ ನೂಲು ಹೆಚ್ಚಾಗಿ ಅಕ್ರಿಲಿಕ್. ಅದಕ್ಕೆ ಹುರುಪೆ ಇಲ್ಲ, ಚುಚ್ಚಿದರೂ ಸರಿಯಾಗಿ ಹಿಡಿದುಕೊಳ್ಳುವುದಿಲ್ಲ. ಅನುಮಾನ ಬಂದರೆ ಒಂದು ಎಳೆಯನ್ನು ಇಕ್ಕಳದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಬೆಂಕಿ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಉಳಿದ ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ.

ಆನ್‌ಲೈನ್‌ನಲ್ಲಿ ‘ಕೋರ್ ವುಲ್’ ಎಂದು ಹುಡುಕಿ. ಬಿಳಿ, ಸ್ವಲ್ಪ ಒರಟು, ಅಡ್ಡಾದಿಡ್ಡಿ ಎಳೆಯ ಅಗ್ಗದ ಉಣ್ಣೆ. ಬೇಗ ಗಟ್ಟಿಯಾಗುತ್ತದೆ, ಒಳಮೈಗೆ ಅದೇ ಸರಿ. ಬಣ್ಣ ಹಾಕಿ, ನೀಟಾಗಿ ಬಾಚಿ, ಹಗ್ಗದಂತೆ ಬರುವ ಮೆರಿನೊ ಕುರಿಯ ಉಣ್ಣೆ ನೋಡಲು ಚಂದ. ಆದರೆ ಎಳೆ ಬಲು ನಯ, ಗಟ್ಟಿಯಾಗಲು ಸತಾಯಿಸುತ್ತದೆ. ಅದನ್ನು ಮೇಲ್ಪದರಕ್ಕೆ ಮಾತ್ರ ಇಟ್ಟುಕೊಳ್ಳಿ. ಕೆಲವು ಕಿಟ್‌ಗಳಲ್ಲಿ ಬರೀ ಮೆರಿನೊ ಇರುತ್ತದೆ. ಡಬ್ಬದ ಮೇಲಿನ ಫೋಟೊ ನೋಡಿ ಮರುಳಾಗಬೇಡಿ, ಅದನ್ನು ಮಾಡಿದವರು ಕೈ ಪಳಗಿದವರು. ಎಂಟು ಸೆಂ.ಮೀ. ಎತ್ತರದ, ಕೂತ ಕರಡಿಗೆ ಸುಮಾರು 12 ಗ್ರಾಂ ಒಳ ಉಣ್ಣೆ, 4 ಗ್ರಾಂ ಬಣ್ಣದ ಉಣ್ಣೆ ಸಾಕು.

ಚುಚ್ಚುವಾಗ ಕೆಳಗೊಂದು ಮೆತ್ತೆ ಬೇಕು. ಕುಶನ್ ಕೆಲಸದ ಅಂಗಡಿಯಲ್ಲಿ ಐದು ಸೆಂ.ಮೀ. ದಪ್ಪದ ಫೋಮ್ ತುಂಡು ಸಿಗುತ್ತದೆ. ನನಗೆ ಅದಕ್ಕಿಂತ ಇಷ್ಟ ಅಕ್ಕಿ ಚೀಲ. ಗೋಣಿ ಬಟ್ಟೆಯಲ್ಲಿ ಅಂಗೈಗಿಂತ ದೊಡ್ಡದಾದ ಚೀಲ ಹೊಲಿದು ಕುಚ್ಚಲಕ್ಕಿ ತುಂಬಿಸಿದರೆ ಆಯಿತು. ಫೋಮ್ ಕ್ರಮೇಣ ಪುಡಿಯಾಗುತ್ತದೆ, ಇದು ಆಗುವುದಿಲ್ಲ. ಜೂನ್ ಬಂತೆಂದರೆ ಮಾತ್ರ ಅಕ್ಕಿಗೆ ಹುಳ ಬಿದ್ದಿದೆಯಾ ಎಂದು ಆಗಾಗ ನೋಡಬೇಕು.

ಸೂಜಿ ಹಿಡಿಯುವ ಕ್ರಮ

ಹೇಗೆ ಒಳಗೆ ಹೋಯಿತೋ ಹಾಗೇ ಹೊರಗೆ ಬರಬೇಕು. ನೇರ ಚುಚ್ಚಿದರೆ ನೇರ, ಓರೆ ಚುಚ್ಚಿದರೆ ಅದೇ ಓರೆಯಲ್ಲಿ ವಾಪಸ್. ಒಳಗಿರುವಾಗ ಸೂಜಿಯನ್ನು ಬಗ್ಗಿಸಿದರೆ, ಮೀಟಿದರೆ ಟಕ್ ಎಂದು ಮುರಿಯುತ್ತದೆ. ಈ ಸೂಜಿಗೆ ಬಾಗುವ ಗುಣವೇ ಇಲ್ಲ. ತುದಿ ಒಳಗೆ ಉಳಿದರೆ ಉಣ್ಣೆ ಕತ್ತರಿಸಿಯಾದರೂ ಹುಡುಕಿ ತೆಗೆಯಿರಿ. ಸಿಗದಿದ್ದರೆ ಆ ಗೊಂಬೆ ಮಗುವಿನ ಕೈಗೆ ಹೋಗಬಾರದು.

ಚುಚ್ಚುವಾಗ ಕಣ್ಣು ಸೂಜಿಯ ಮೇಲೇ ಇರಲಿ. ಟಿವಿ ನೋಡುತ್ತಾ ಬೀನ್ಸ್ ಕತ್ತರಿಸಬಹುದು, ಇದನ್ನು ಮಾಡಲಾಗದು. ಉಣ್ಣೆ ಹಿಡಿದ ಕೈಯ ಹೆಬ್ಬೆರಳು, ತೋರುಬೆರಳಿಗೆ ಚರ್ಮದ ಟೊಪ್ಪಿ ಹಾಕಿಕೊಳ್ಳಿ. ಸಣ್ಣ ಮಕ್ಕಳ ಕೈಗೆ ಸೂಜಿ ಕೊಡುವುದು ಬೇಡ. ಮತ್ತೆ, ಸೀಲಿಂಗ್ ಫ್ಯಾನ್ ಕೆಳಗೆ ಬಿಡಿ ಉಣ್ಣೆ ಹರವಿದರೆ ಇಡೀ ಚಾವಡಿ ಗುಡಿಸಬೇಕಾಗುತ್ತದೆ. ನಮ್ಮೂರಿನ ಸೆಕೆಗೆ ಫ್ಯಾನ್ ಇಲ್ಲದೆ ಕೂರುವುದೂ ಕಷ್ಟ. ಉಣ್ಣೆಯನ್ನು ಡಬ್ಬದಲ್ಲಿಟ್ಟು, ಬೇಕಾದಷ್ಟೇ ಹೊರಗೆ ತೆಗೆದುಕೊಳ್ಳಿ.

ಹೊಟ್ಟೆ

5 ಗ್ರಾಂ ಒಳ ಉಣ್ಣೆ ತೆಗೆದುಕೊಳ್ಳಿ. ಕತ್ತರಿ ಬೇಡ, ಎರಡು ಕೈ ದೂರದೂರ ಹಿಡಿದು ಎಳೆಯಿರಿ, ತಾನೇ ಬಿಡಿಸಿಕೊಳ್ಳುತ್ತದೆ. ಉದ್ದ ಪಟ್ಟಿ ಮಾಡಿ ಒಂದು ತುದಿಯಿಂದ ಬಿಗಿಯಾಗಿ ಸುರುಳಿ ಸುತ್ತಿ. ಅರ್ಧ ಸುತ್ತು, ನಾಲ್ಕೈದು ಚುಚ್ಚು. ಮತ್ತೆ ಅರ್ಧ ಸುತ್ತು, ಮತ್ತೆ ಚುಚ್ಚು. ಎರಡೂ ಬದಿಯಲ್ಲಿ ಹೊರಗೆ ಇಣುಕುವ ಉಣ್ಣೆಯನ್ನು ಒಳಕ್ಕೆ ಮಡಚುತ್ತಾ ಹೋಗಿ. ಸಡಿಲವಾಗಿ ಸುತ್ತಿ ಆಮೇಲೆ ಚುಚ್ಚಿ ಸರಿ ಮಾಡುತ್ತೇನೆ ಅಂದರೆ ಆಗುವುದಿಲ್ಲ. ಹೊರಗೆ ಗಟ್ಟಿ ಸಿಪ್ಪೆಯಾಗಿ ಒಳಗೆ ಪೊಳ್ಳು ಉಳಿಯುತ್ತದೆ.

ಸುತ್ತಿ ಮುಗಿದ ಮೇಲೆ 36ರ ಸೂಜಿಯಿಂದ ಆಳಕ್ಕೆ, ಹೆಚ್ಚುಕಡಿಮೆ ನಡುಮಧ್ಯದವರೆಗೆ ಚುಚ್ಚಿ. ಉಂಡೆಯನ್ನು ತಿರುಗಿಸುತ್ತಲೇ ಇರಬೇಕು. ಒಂದೇ ಕಡೆ ಚುಚ್ಚಿದರೆ ಆ ಬದಿ ಚಪ್ಪಟೆಯಾಗುತ್ತದೆ, ಉಣ್ಣೆ ಮೆತ್ತೆಗೂ ಅಂಟಿಕೊಳ್ಳುತ್ತದೆ. ಆಗಾಗ ಎತ್ತಿ ಬಿಡಿಸಿ. ಮೊದಲ ಹದಿನೈದು ನಿಮಿಷ ಏನೂ ಆಗುತ್ತಿಲ್ಲ ಅನಿಸುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಸೂಜಿಗೆ ತಡೆ ಸಿಗತೊಡಗುತ್ತದೆ, ಚುಚ್ಚುವ ಸದ್ದು ಕೂಡ ಬದಲಾಗಿ ಕರಕರ ಎನ್ನುತ್ತದೆ. ಆಗ 38ಕ್ಕೆ ಬನ್ನಿ. ನಾಲ್ಕೂವರೆ ಸೆಂ.ಮೀ. ಎತ್ತರ, ಕೆಳಗೆ ಅಗಲ, ಮೇಲೆ ಕಿರಿದು, ಇದು ಆಕಾರ. ಎಲ್ಲಿ ತಗ್ಗಬೇಕೋ ಅಲ್ಲಿ ಜಾಸ್ತಿ ಚುಚ್ಚಿ. ಎಲ್ಲಿ ಉಬ್ಬಬೇಕೋ ಅಲ್ಲಿ ಚೂರು ಉಣ್ಣೆ ಇಟ್ಟು ಚುಚ್ಚಿ. ತಳ ಮೇಜಿನ ಮೇಲೆ ಅಲುಗದೆ ಕೂರಬೇಕು.

ಗಟ್ಟಿ ಆಯಿತಾ ಎಂದು ತಿಳಿಯಲು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಒತ್ತಿ. ಕುಳಿ ಬಿದ್ದು ಹಾಗೇ ಉಳಿದರೆ ಇನ್ನೂ ಆಗಿಲ್ಲ. ಸ್ವಲ್ಪವೇ ತಗ್ಗಿ ಕೂಡಲೇ ಮೇಲೆದ್ದರೆ ಸಾಕು. ಅವಸರ ಬೇಡ ಮಾರಾಯ್ರೆ, ಇಲ್ಲಿ ಬಿಟ್ಟರೆ ಮುಂದೆ ಎಲ್ಲೂ ಸರಿ ಮಾಡಲು ಬರುವುದಿಲ್ಲ.

ತಲೆ, ಕೈಕಾಲು, ಜೋಡಣೆ

ತಲೆಗೆ 3 ಗ್ರಾಂ, ಮೂರು ಸೆಂ.ಮೀ. ಉಂಡೆ. ಕ್ರಮ ಅದೇ. ಆದರೆ ಕತ್ತಿನ ಬದಿಯಲ್ಲಿ ಎಳೆಗಳನ್ನು ಚುಚ್ಚದೆ ಸಡಿಲ ಬಿಡಿ. ಜೋಡಿಸುವಾಗ ಹಿಡಿತ ಸಿಗುವುದು ಆ ಸಡಿಲ ಎಳೆಗಳಿಂದಲೇ. ಮೂತಿಗೆ ಚಿಕ್ಕ ಉಂಡೆ ಬೇರೆ ಮಾಡಿ ಮುಖದ ಕೆಳಗಿನ ಅರ್ಧಕ್ಕೆ ಸೇರಿಸಿ.

ಕೈಕಾಲಿಗೆ ಶುರು ಮಾಡುವ ಮೊದಲೇ ಒಂದೊಂದು ಗ್ರಾಂನ ನಾಲ್ಕು ಪಾಲು ಮಾಡಿಡಿ. ಒಂದು ಕಾಲು ಮುಗಿಸಿ ಇನ್ನೊಂದಕ್ಕೆ ಅಂದಾಜಿನಲ್ಲಿ ಉಣ್ಣೆ ತೆಗೆದರೆ ಒಂದು ಆನೆ ಕಾಲು, ಒಂದು ಕೊಕ್ಕರೆ ಕಾಲು. ಕಾಲಿನ ತುದಿಯ ಒಂದು ಸೆಂ.ಮೀ. ಮಡಚಿ ಮಡಿಕೆಯೊಳಗೆ ಚುಚ್ಚಿದರೆ ಪಾದವಾಯಿತು. ಮೇಲಿನ ತುದಿ ಇಲ್ಲೂ ಸಡಿಲ ಇರಲಿ.

ಜೋಡಿಸುವಾಗ ಸಡಿಲ ಎಳೆಗಳನ್ನು ಮೈ ಮೇಲೆ ಸುತ್ತಲೂ ಹರಡಿ, 38ರ ಸೂಜಿಯನ್ನು ಓರೆಯಾಗಿ ಒಳಕ್ಕೆ ಇಳಿಸಿ. ಕತ್ತಿಗೆ ಸಪೂರ ಪಟ್ಟಿಯೊಂದನ್ನು ಸುತ್ತಿ ಮತ್ತೆ ಚುಚ್ಚಿ. ತಲೆ ಹಿಡಿದು ಮೆಲ್ಲಗೆ ಎಳೆದು ನೋಡಿ. ಸಂದಿ ಕಂಡರೆ ಇನ್ನೊಂದು ಪಟ್ಟಿ.

ಈಗ ಬಣ್ಣದ ಉಣ್ಣೆ. ದಪ್ಪಕ್ಕೆ ಒಮ್ಮೆಲೇ ಹೊದಿಸಬೇಡಿ. ಬೆಳಕು ಕಾಣುವಷ್ಟು ತೆಳು ಪದರ ಒಂದು ಅಡ್ಡ, ಒಂದು ಉದ್ದ ಹಾಕಿ 38ರಿಂದ ಮೇಲುಮೇಲೆ ಚುಚ್ಚಿ. ಬಿಳಿ ಇಣುಕದಷ್ಟು ಪದರ ಆದ ಮೇಲೆ 40ರ ಸೂಜಿ. ಕಿವಿಯನ್ನು ಮೆತ್ತೆಯ ಮೇಲೆ ಚಪ್ಪಟೆಯಾಗಿಯೇ ಮಾಡಿ. ಎರಡೂ ಬದಿ ಚುಚ್ಚಿ, ಬುಡ ಸಡಿಲ ಬಿಟ್ಟು, ತಲೆಗೆ ಸ್ವಲ್ಪ ಬಾಗಿಸಿ ಕೂರಿಸಿ.

ಮುಖ

ಎರಡು ಕಪ್ಪು ತಲೆಯ ಗುಂಡುಸೂಜಿ ತೆಗೆದುಕೊಂಡು ಕಣ್ಣಿನ ಜಾಗ ಹುಡುಕಿ. ಹಣೆಯ ಹತ್ತಿರ ಚುಚ್ಚಿ ನೋಡಿ, ಯಾರೋ ದೊಡ್ಡವರು ಬೈಯುವ ಹಾಗೆ ಕಾಣುತ್ತದೆ. ಕೆಳಗೆ, ಮೂತಿಯ ಮೇಲಂಚಿಗೆ ಸಮನಾಗಿ ಇಳಿಸಿ, ಸ್ವಲ್ಪ ದೂರ ಸರಿಸಿ. ಮರಿಯಾಯಿತು, ಅಲ್ವಾ? ಎರಡು ಮಿಲಿಮೀಟರ್ ಅತ್ತಿತ್ತ ಆದರೆ ಸ್ವಭಾವವೇ ಬದಲಾಗುತ್ತದೆ. ಒಪ್ಪಿಗೆಯಾದ ಮೇಲೆ ನಾಲ್ಕು ಮಿ.ಮೀ. ಕಪ್ಪು ಮಣಿಯನ್ನು ಗಟ್ಟಿ ದಾರದಲ್ಲಿ ಕತ್ತಿನ ಹಿಂದಿನಿಂದ ತಂದು ಹೊಲಿದು, ಸ್ವಲ್ಪ ಒಳಕ್ಕೆ ಎಳೆದು ಗಂಟು ಹಾಕಿ. ಮನೆಯಲ್ಲಿ ಮೂರು ವರ್ಷದೊಳಗಿನ ಮಗು ಇದ್ದರೆ ಮಣಿ ಬೇಡ. ಕಪ್ಪು ಉಣ್ಣೆಯನ್ನೇ ಚುಕ್ಕೆಯಾಗಿ ಚುಚ್ಚಿ, ಮೇಲೆ ಬಿಳಿಯ ಒಂದೇ ಎಳೆ. ಗೊಂಬೆಯನ್ನೂ ಶೋಕೇಸಿನಲ್ಲೇ ಇಡಿ, ಬಾಯಿಗೆ ಹಾಕಿಕೊಳ್ಳುವ ವಯಸ್ಸು ಅದು. ಮೂಗಿಗೆ ಕಪ್ಪು ಉಣ್ಣೆಯ ಪುಟ್ಟ ತ್ರಿಕೋನ, ಬಾಯಿಗೆ ಕಪ್ಪು ದಾರದ ಎರಡು ಹೊಲಿಗೆ.

ಮೂತಿ ಎಷ್ಟು ಉದ್ದ ಎನ್ನುವುದು ನಿಮ್ಮಿಷ್ಟ. ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟ್ 1902ರಲ್ಲಿ ಮಿಸಿಸಿಪ್ಪಿಯ ಬೇಟೆಯಲ್ಲಿ, ಕಟ್ಟಿಹಾಕಿದ ಕರಡಿಗೆ ಗುಂಡು ಹೊಡೆಯಲು ಒಪ್ಪಲಿಲ್ಲ. ಅದರ ವ್ಯಂಗ್ಯಚಿತ್ರ ಬಂತು, ಅವರ ಅಡ್ಡಹೆಸರು ‘ಟೆಡ್ಡಿ’ ಗೊಂಬೆಗೆ ಅಂಟಿತು. ಆ ಕಾಲದ ಗೊಂಬೆಗಳ ಮೂತಿ ನಿಜವಾದ ಕರಡಿಯಂತೆ ಉದ್ದ. ಮೊಂಡು ಮೂತಿ ಬಂದದ್ದು ಆಮೇಲೆ.

ನನ್ನನ್ನು ಕೇಳಿದರೆ ಎರಡನೆಯ ಗೊಂಬೆಗೆ ನಮ್ಮದೇ ಕರಡಿ ಮಾಡಿ. 1994ರಲ್ಲಿ ಕರಡಿಧಾಮವಾದ, ಹಂಪಿ ಹತ್ತಿರದ ದರೋಜಿಯಲ್ಲಿ ಬಂಡೆ ಇಳಿದು ಬರುತ್ತವಲ್ಲ, ಅವು. ಕಪ್ಪು ಜೊಂಪೆ ಕೂದಲು, ಮಾಸಲು ಬಣ್ಣದ ಉದ್ದ ಮೂತಿ, ಎದೆಯ ಮೇಲೆ ಇಂಗ್ಲಿಷಿನ ವಿ ಅಕ್ಷರದಂಥ ಬಿಳಿ ಗೆರೆ. ಹಳೆ ಕರಿ ಕಂಬಳಿ ಇದ್ದರೆ ಅದರ ನೂಲು ಬಿಚ್ಚಿ, ನಾಯಿ ಬಾಚುವ ತಂತಿ ಬ್ರಷ್ ಎರಡರ ನಡುವೆ ಎಳೆದು ಬಿಡಿ ಮಾಡಿಕೊಳ್ಳಬಹುದು. ಜೊಂಪೆಗೆ ಮೂರು ಸೆಂ.ಮೀ. ತುಂಡುಗಳನ್ನು ಕತ್ತರಿಸಿ ಮೈ ಮೇಲೆ ಉದ್ದಕ್ಕೆ ಇಡಿ, ನಡುವೆ ಮಾತ್ರ ಅಡ್ಡ ಗೆರೆಯಂತೆ ಚುಚ್ಚಿ, ಮೇಲಿನರ್ಧವನ್ನು ಕೆಳಕ್ಕೆ ಮಡಚಿ. ಸಾಲುಗಳು ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಕೊನೆಗೆ ಕತ್ತರಿ ಹಾಕಿ.

ಮಳೆಗಾಲದ ಜೋಪಾನ

ಕರಾವಳಿಯ ಉಪ್ಪು ಗಾಳಿಗೆ ಸೂಜಿ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದದ್ದು ಉಣ್ಣೆಯನ್ನು ಹರಿಯುತ್ತದೆ, ಕಲೆಯನ್ನೂ ಮಾಡುತ್ತದೆ, ಎಸೆಯಿರಿ. ಒಳ್ಳೆಯ ಸೂಜಿಗಳನ್ನು ಗಾಳಿಯಾಡದ ಡಬ್ಬದಲ್ಲಿ, ಶೂ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಎಣ್ಣೆ ಸವರಬೇಡಿ, ಮುಂದಿನ ಗೊಂಬೆಗೆ ಅಂಟುತ್ತದೆ. ಉಣ್ಣೆಗೆ ನುಸಿಗುಳಿಗೆ ಹಾಕಿ, ಬಿಸಿಲು ಬಿದ್ದ ದಿನ ಒಮ್ಮೆ ಹರವಿ. ಗೊಂಬೆಗೆ ಬೂಷ್ಟು ಬಂದರೆ ಒಣ ಬ್ರಷ್‌ನಲ್ಲಿ ಉಜ್ಜಿ ಬಿಸಿಲಿಗಿಡಿ. ಕೊಳೆಯಾದ ಜಾಗವನ್ನು ಒದ್ದೆ ಬಟ್ಟೆಯಲ್ಲಿ ಒತ್ತಿ ಒರೆಸಿದರೆ ಸಾಕು. ವಾಷಿಂಗ್ ಮೆಷಿನ್‌ಗೆ ಮಾತ್ರ ಹಾಕಬೇಡಿ, ಮೇಲೆ ಹೊದಿಸಿದ ಉಣ್ಣೆ ಇನ್ನಷ್ಟು ಕುಗ್ಗಿ ಮುಖವೇ ಸೊಟ್ಟಗಾಗುತ್ತದೆ.