ಮೂರು ಕಿಂಡಿ, ಒಂದು ಚುಕ್ಕೆ

ಬಿಗ್ ಬ್ಯಾಂಗ್ ಆದ ಸುಮಾರು 65 ಕೋಟಿ ವರ್ಷಗಳ ನಂತರದ ಒಂದು ಪುಟ್ಟ ಗೆಲಾಕ್ಸಿ. ಅದರಲ್ಲಿ ವರ್ಷಕ್ಕೆ ಎಷ್ಟು ಅನಿಲ ನಕ್ಷತ್ರಗಳಾಗುತ್ತಿತ್ತು ಎಂದು ಲೆಕ್ಕ ಹಾಕಲು ನನಗೆ ಐದು ತಿಂಗಳು ಹಿಡಿಯಿತು. ಜೇಮ್ಸ್ ವೆಬ್ ದೂರದರ್ಶಕದ ಬಹುಪಾಲು ದತ್ತಾಂಶ ಒಂದು ವರ್ಷದೊಳಗೆ ಎಲ್ಲರಿಗೂ ತೆರೆದುಕೊಳ್ಳುತ್ತದೆ. ಅದರ ನಿಯರ್‌ಸ್ಪೆಕ್ ಉಪಕರಣ ದಾಖಲಿಸಿದ್ದ ಒಂದು ರೋಹಿತವನ್ನು, ಅಂದರೆ ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿದ ಪಟ್ಟಿಯನ್ನು, ಇಳಿಸಿಕೊಂಡು ಲ್ಯಾಪ್‌ಟಾಪಿನಲ್ಲೇ ಕೆಲಸ ಶುರುಮಾಡಿದೆ.

ಕೆಂಪುಪಲ್ಲಟ 8. ಅಂದರೆ ಅಲ್ಲಿಂದ ಹೊರಟ ಬೆಳಕು ನಮ್ಮನ್ನು ತಲಪುವಷ್ಟರಲ್ಲಿ ಅದರ ತರಂಗಾಂತರ ಒಂಬತ್ತು ಪಟ್ಟಾಗಿರುತ್ತದೆ. ಈ ಸಂಖ್ಯೆ ಹೆಚ್ಚಿದಷ್ಟೂ ಗೆಲಾಕ್ಸಿ ದೂರ. ಹೊಸ ನಕ್ಷತ್ರಗಳನ್ನು ಅಳೆಯಲು ಎಲ್ಲರೂ ನೆಚ್ಚುವ ಹೈಡ್ರೋಜನ್ ಆಲ್ಫಾ ಗೆರೆ (ಒಂದು ನಿರ್ದಿಷ್ಟ ತರಂಗಾಂತರದಲ್ಲಿ ಹೊಳೆಯುವ ಬೆಳಕು) 5.9 ಮೈಕ್ರಾನಿಗೆ, ಅಂದರೆ ಮಿಲಿಮೀಟರಿನ ಸಾವಿರದಲ್ಲಿ 5.9 ಭಾಗಕ್ಕೆ, ಸರಿದಿರುತ್ತದೆ. ನಿಯರ್‌ಸ್ಪೆಕ್‌ನ ನೋಟ 5.3ಕ್ಕೇ ಮುಗಿಯುತ್ತದೆ. ಉಳಿಯುವುದು ಆಲ್ಫಾದ ಮೂರನೇ ಒಂದು ಭಾಗದಷ್ಟು ಮಾತ್ರ ಹೊಳೆಯುವ, ಹೈಡ್ರೋಜನ್ನಿನದೇ ಬೀಟಾ ಗೆರೆ. ಪಕ್ಕದಲ್ಲೇ ಆಮ್ಲಜನಕದ ಜೋಡಿ ಗೆರೆಗಳಿವೆ. ಅವುಗಳಲ್ಲಿ ದೊಡ್ಡದು ಚಿಕ್ಕದರ ಮೂರು ಪಟ್ಟು, ಯಾವ ಗೆಲಾಕ್ಸಿಯಾದರೂ ಅಷ್ಟೇ. ನನ್ನ ಅಳತೆಯೂ ಮೂರರ ಹತ್ತಿರವೇ ಬಂದಾಗ ದೂರದ ಬಗೆಗಿನ ಅನುಮಾನ ಹೋಯಿತು. ಬರೀ ಚಿತ್ರಗಳನ್ನು ನೋಡಿ 2022ರಲ್ಲಿ ಕೆಂಪುಪಲ್ಲಟ 16 ಎಂದು ಅಂದಾಜಿಸಿದ್ದ ಒಂದು ಗೆಲಾಕ್ಸಿ, ರೋಹಿತ ತೆಗೆದಾಗ 4.9ಕ್ಕೆ ಇಳಿದಿತ್ತು. ಗೆರೆ ಕಾಣುವವರೆಗೆ ನಾನು ದೂರವನ್ನು ನಂಬುವುದಿಲ್ಲ.

ಆದರೂ ಎಡವಿದೆ. ಹೈಡ್ರೋಜನ್ನಿನ ಅತಿನೇರಳೆ ಗೆರೆಯಾದ ಲೈಮನ್ ಆಲ್ಫಾ ಇರಬೇಕಾದ 1.09 ಮೈಕ್ರಾನಿನಲ್ಲಿ ಒಂದು ಚುಕ್ಕೆ ಹೊಳೆಯುತ್ತಿತ್ತು. ಆ ಕಾಲದ ತಟಸ್ಥ ಹೈಡ್ರೋಜನ್ ನುಂಗಿಹಾಕುವ ಬೆಳಕು ಅದು. ಕಂಡಿತೆಂದರೆ ಆ ನಕ್ಷತ್ರಗಳು ಸುತ್ತಲಿನ ಅನಿಲವನ್ನು ಅಯಾನೀಕರಿಸಿ (ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತು) ದಾರಿ ಬಿಡಿಸಿಕೊಂಡಿವೆ ಎಂದರ್ಥ. ಮೂರು ದಿನ ರಾತ್ರಿಯೆಲ್ಲ ಕುಳಿತು ಅದರ ಅಗಲ ಅಳೆದೆ. ನಾಲ್ಕನೆಯ ದಿನ, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ: ಒಟ್ಟುಗೂಡಿಸುವ ಮುಂಚಿನ ಚಿತ್ರಗಳನ್ನು ಒಂದೊಂದಾಗಿ ತೆರೆದೆ. ಈ ವೀಕ್ಷಣೆಯಲ್ಲಿ ಗೆಲಾಕ್ಸಿಯನ್ನು ಒಂದರ ಮೇಲೊಂದಿರುವ ಮೂರು ಪುಟ್ಟ ಕಿಂಡಿಗಳಲ್ಲಿ ಸರದಿಯಂತೆ ನಿಲ್ಲಿಸುತ್ತಾರೆ. ನಿಜವಾದ ಗೆರೆ ಗೆಲಾಕ್ಸಿಯ ಜೊತೆಗೇ ಸರಿಯುತ್ತದೆ. ಆಮ್ಲಜನಕದ ಗೆರೆಗಳು ಹಾಗೆಯೇ ಸರಿದವು. ನನ್ನ ಚುಕ್ಕೆ ಇದ್ದದ್ದು ಒಂದೇ ಚಿತ್ರದಲ್ಲಿ, ವಿಶ್ವಕಿರಣ (ಬಾಹ್ಯಾಕಾಶದಿಂದ ಬರುವ ವೇಗದ ಕಣ) ಬಡಿದ ಎರಡು ಪಿಕ್ಸೆಲ್‌ಗಳಲ್ಲಿ. ಅಂದು ಕಂಪ್ಯೂಟರ್ ಮುಚ್ಚಿ ಹೊರಗೆ ನಡೆದುಬಿಟ್ಟೆ.

ಮುಂದಿನದು ತಾಳ್ಮೆಯ ಕೆಲಸ. ಕಿಂಡಿಯ ಅಗಲ 0.2 ಆರ್ಕ್‌ಸೆಕೆಂಡ್ ಮಾತ್ರ (ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿಯ 3600ನೇ ಒಂದು ಭಾಗ), ಆದ್ದರಿಂದ ಸ್ವಲ್ಪ ಬೆಳಕು ಹೊರಗೇ ಉಳಿಯುತ್ತದೆ. ಚಿತ್ರಗಳ ಹೊಳಪಿಗೆ ಹೋಲಿಸಿ ಅದನ್ನು ಸರಿದೂಗಿಸಿದೆ. ಹೈಡ್ರೋಜನ್ನಿನ ಗಾಮಾ ಗೆರೆಯನ್ನು ಬೀಟಾಕ್ಕೆ ಹೋಲಿಸಿದಾಗ, ಬೆಳಕನ್ನು ತಡೆಯುವ ಧೂಳಿನ ಅಂದಾಜು ಸಿಕ್ಕಿತು.

ನನಗೆ ತುಂಬ ಮುಖ್ಯವಾಗಿ ಕಂಡದ್ದು ಎರಡು ಅಳತೆಗಳ ನಡುವಿನ ಅಂತರ. ಬೀಟಾ ಗೆರೆಯನ್ನು ಬೆಳಗಿಸುವವು ಒಂದು ಕೋಟಿ ವರ್ಷವೂ ಬಾಳದ ಭಾರಿ ನಕ್ಷತ್ರಗಳು. ಅತಿನೇರಳೆ ಬೆಳಕು ಸುಮಾರು ಹತ್ತು ಕೋಟಿ ವರ್ಷಗಳ ಸರಾಸರಿ ಹೇಳುತ್ತದೆ. ಒಂದು ಈಗಿನ ಉರಿ, ಇನ್ನೊಂದು ನಿಗಿನಿಗಿ ಕೆಂಡ. ನನ್ನ ಗೆಲಾಕ್ಸಿಯಲ್ಲಿ ಉರಿಯೇ ಜೋರಾಗಿತ್ತು. ಆದರೆ ಭಾರಧಾತುಗಳು (ಹೀಲಿಯಂಗಿಂತ ಭಾರವಾದ ಧಾತುಗಳು) ಕಡಿಮೆಯಿರುವ ನಕ್ಷತ್ರಗಳು ಅಯಾನೀಕರಿಸುವ ಬೆಳಕನ್ನು ಹೆಚ್ಚು ಚೆಲ್ಲುತ್ತವೆ. ನಮ್ಮ ಹತ್ತಿರದ ಗೆಲಾಕ್ಸಿಗಳಿಗೆ ಹೊಂದಿಸಿದ ಸೂತ್ರವನ್ನು ಹಾಗೆಯೇ ಹಾಕಿದರೆ ಲೆಕ್ಕ ಉಬ್ಬುತ್ತದೆ. ಆ ಸೂತ್ರದಲ್ಲೂ, ಭಾರಧಾತು ಕಡಿಮೆಯಿರುವ ನಕ್ಷತ್ರಗಳಿಗೆ ಹೊಂದುವ ಸೂತ್ರದಲ್ಲೂ ಮತ್ತೆ ಲೆಕ್ಕ ಮಾಡಿ, ಒಂದು ಸಂಖ್ಯೆಯ ಬದಲು ಎರಡನ್ನೂ ಅಕ್ಕಪಕ್ಕದಲ್ಲಿ ಬರೆದಿಟ್ಟೆ.