ಫ್ಯೂಸ್ ಸುಟ್ಟಿಲ್ಲ, ಆದರೂ ಲೈಟ್ ಹತ್ತುತ್ತಿಲ್ಲ: ಕರಾವಳಿಯ ಹಳೆ ಕಾರಿಗೆ ಫ್ಯೂಸ್–ರಿಲೇ ಪಾಠ

ಕಾರವಾರ, ಅಂಕೋಲಾ, ಕುಮಟಾ ಕಡೆಯ ಹಳೆ ಕಾರಿನಲ್ಲಿ ಹಾರ್ನ್ ಬಾಯಿ ಮುಚ್ಚಿದರೂ, ವೈಪರ್ ಅರ್ಧದಲ್ಲಿ ನಿಂತರೂ ಮೊದಲು ಬೈಸಿಕೊಳ್ಳುವುದು ಫ್ಯೂಸ್. ತೆಗೆದು ಬೆಳಕಿಗೆ ಹಿಡಿದರೆ ಒಳಗಿನ ತಂತಿ ಇಡಿಯಾಗಿಯೇ ಇರುತ್ತದೆ. ಅದನ್ನೇ ವಾಪಸ್ ಒತ್ತಿದರೆ ಹಾರ್ನ್ ಕೂಗುತ್ತದೆ. ಸರಿಯಾಯಿತೆಂದು ಬಿಟ್ಟರೆ ವಾರದಲ್ಲಿ ಮತ್ತೆ ಅದೇ ಗೋಳು. ತೆಗೆದು ಹಾಕುವಾಗ ಫ್ಯೂಸನ್ನು ಹಿಡಿದಿಡುವ ಕ್ಲಿಪ್ಪಿನ ಮೇಲಿನ ಕಿಲುಬು ಸ್ವಲ್ಪ ಉಜ್ಜಿಹೋಯಿತಲ್ಲ, ಆದ ರಿಪೇರಿ ಅಷ್ಟೇ. ಸಾಣಿಕಟ್ಟಾದ ಉಪ್ಪಿನ ಆಗರಗಳ ಮೇಲೆ ಬೀಸುವ ಉಪ್ಪುಗಾಳಿ ಫ್ಯೂಸ್ ಬಾಕ್ಸಿನೊಳಗೂ ಆಡುತ್ತದೆ. ಈ ಭಾಗದಲ್ಲಿ ಫ್ಯೂಸಿಗಿಂತ ಮೊದಲು ಅದು ಕೂರುವ ಜಾಗವನ್ನು ನೋಡಬೇಕು.

ಫ್ಯೂಸ್ ಕಾಯುವುದು ಬಲ್ಬನ್ನಲ್ಲ, ಹಾರ್ನನ್ನೂ ಅಲ್ಲ, ಅಲ್ಲಿಗೆ ಹೋಗುವ ವೈರನ್ನು. 10 ಆಂಪಿಯರಿನದು ಪದೇ ಪದೇ ಹೋಗುತ್ತದೆಂದು 20ರದ್ದು ಹಾಕಿದರೆ ಫ್ಯೂಸ್ ಉಳಿಯುತ್ತದೆ, ಡ್ಯಾಶ್‌ಬೋರ್ಡ್ ಹಿಂದಿನ ವೈರ್ ಕರಗುತ್ತದೆ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ, ತಾಮ್ರದ ತಂತಿಯ ತುಂಡು, ಎಲ್ಲವೂ ಇದೇ ಜಾತಿ. 1 ಮಿ.ಮೀ. ದಪ್ಪದ ತಾಮ್ರದ ತಂತಿ ಕರಗಲು ಸುಮಾರು 80 ಆಂಪಿಯರ್ ಹರಿಯಬೇಕು. ಅಷ್ಟರಲ್ಲಿ ವೈರಿಂಗ್ ಹೊಗೆಯಾಡಿ ಮುಗಿದಿರುತ್ತದೆ. ಇನ್ನೊಂದು ಮಾತು: ಫ್ಯೂಸ್ ಬರೆದಿರುವ ಅಂಕಿಗೇ ಟಪ್ಪೆಂದು ಹಾರುವುದಿಲ್ಲ. ಬ್ಲೇಡ್ ಫ್ಯೂಸಿನಲ್ಲಿ 35 ಪ್ರತಿಶತ ಹೆಚ್ಚು ಕರೆಂಟ್ ಹರಿದರೆ ಅದು ಮುಕ್ಕಾಲು ಸೆಕೆಂಡಿನಲ್ಲೂ ಹೋಗಬಹುದು, ಹತ್ತು ನಿಮಿಷ ತಾಳಿಕೊಂಡೂ ಹೋಗಬಹುದು. ಮಳೆಯಲ್ಲಿ ವೈಪರ್ ಐದು ನಿಮಿಷ ಓಡಿ ಆಮೇಲೆ ನಿಲ್ಲುವುದು ಕೆಲವೊಮ್ಮೆ ಇದರಿಂದಲೇ.

ಹಳೆ ಕಾರುಗಳಲ್ಲಿ ಮೂರು ಬಗೆಯ ಫ್ಯೂಸ್ ಸಿಗುತ್ತವೆ. ಅಂಬಾಸಿಡರ್ ಕಾಲದ ಲೂಕಾಸ್ ಮಾದರಿಯ ಗಾಜಿನ ಕೊಳವೆ, ಪದ್ಮಿನಿಯ ಎರಡೂ ತುದಿ ಚೂಪಾದ ಟಾರ್ಪಿಡೊ, ಆಮೇಲಿನ ಕಾರುಗಳ ಪ್ಲಾಸ್ಟಿಕ್ ಬ್ಲೇಡ್. ಲೂಕಾಸ್ ಗಾಜಿನ ಫ್ಯೂಸಿನ ಮೇಲೆ 35 ಎಂದಿದ್ದರೆ ಅದು ಸುಟ್ಟುಹೋಗುವ ಅಂಕಿ. ನಿರಂತರ ಹೊರುವುದು ಅದರ ಅರ್ಧ, ಸುಮಾರು 17 ಆಂಪಿಯರ್. ಬೇರೆ ಮಾದರಿಯ 35ರ ಗಾಜಿನ ಫ್ಯೂಸ್ 35ನ್ನೂ ಆರಾಮಾಗಿ ಹೊರುತ್ತದೆ. ಗಾತ್ರ ಹೆಚ್ಚುಕಡಿಮೆ ಒಂದೇ ಇರುವುದರಿಂದ ಅದನ್ನು ತಂದು ಕೂರಿಸಿದವರು ಗೊತ್ತಿಲ್ಲದೆಯೇ ರಕ್ಷಣೆಯನ್ನು ಅರ್ಧಕ್ಕೆ ಇಳಿಸಿರುತ್ತಾರೆ. ಆ ಹಳೆ ಲೂಕಾಸ್ ವೈರಿಂಗಿನಲ್ಲಿ ಹೆಡ್‌ಲೈಟಿಗೂ ಇಗ್ನಿಷನ್ನಿಗೂ ಫ್ಯೂಸೇ ಇರಲಿಲ್ಲ ಎಂಬುದೂ ನೆನಪಿರಲಿ.

ಬಣ್ಣವೂ ಮೋಸ ಮಾಡುತ್ತದೆ. ಟಾರ್ಪಿಡೊದಲ್ಲಿ ಹಳದಿ 5, ಬಿಳಿ 8, ಕೆಂಪು 16, ನೀಲಿ 25. ಬ್ಲೇಡಿನಲ್ಲಿ ಕಂದು 7.5, ಕೆಂಪು 10, ನೀಲಿ 15, ಹಳದಿ 20, ಬಣ್ಣವಿಲ್ಲದ್ದು 25, ಹಸಿರು 30. ಅಂಗಡಿಯಲ್ಲಿ ‘ಕೆಂಪು ಫ್ಯೂಸ್ ಕೊಡಿ’ ಅನ್ನುವ ಬದಲು ಆಂಪಿಯರ್ ಹೇಳಿ.

ಸತ್ತ ಫ್ಯೂಸನ್ನು ಎಸೆಯುವ ಮೊದಲು ಓದಿಕೊಳ್ಳಿ. ಒಳಗೆಲ್ಲ ಕಪ್ಪಾಗಿ ಲೋಹ ಸಿಡಿದಿದ್ದರೆ ನೇರ ಶಾರ್ಟ್. ನಡುವೆ ಸಣ್ಣಗೆ ಕರಗಿ ತುಂಡಾಗಿದ್ದರೆ ಓವರ್‌ಲೋಡ್, ಬಹುತೇಕ ಬಿಗಿಯಾದ ವೈಪರ್ ಮೋಟಾರ್ ಅಥವಾ ಬ್ಲೋವರ್. ಒಳಗಿನ ಪಟ್ಟಿ ಸರಿಯಿದ್ದು ಹೊರಗಿನ ಪ್ಲಾಸ್ಟಿಕ್ ಮಾತ್ರ ಕರಗಿದ್ದರೆ ತಪ್ಪು ಕ್ಲಿಪ್ಪಿನದು. ಲೆಕ್ಕ ಹಾಕಿ: ಕಿಲುಬು ಹಿಡಿದ ಜಾಗದಲ್ಲಿ 0.1 ಓಮ್ ಇದ್ದು 10 ಆಂಪಿಯರ್ ಹರಿದರೆ 1 ವೋಲ್ಟ್ ಅಲ್ಲಿಯೇ ನಷ್ಟ, 10 ವ್ಯಾಟ್ ಶಾಖ. ಉಗುರಿನಷ್ಟು ಜಾಗಕ್ಕೆ ಅದು ಸಾಕು. ಕ್ಲಿಪ್ ಒಮ್ಮೆ ಕಾದರೆ ಸ್ಪ್ರಿಂಗ್ ಸಡಿಲವಾಗುತ್ತದೆ, ಸಡಿಲವಾದದ್ದು ಇನ್ನಷ್ಟು ಕಾಯುತ್ತದೆ.

ಮಲ್ಟಿಮೀಟರನ್ನು ಓಮ್‌ನಲ್ಲಿಟ್ಟು ಫ್ಯೂಸನ್ನು ಮಾತ್ರ ನೋಡಿದರೆ ಇದು ಸಿಕ್ಕುವುದಿಲ್ಲ. 20 ವೋಲ್ಟ್ ಡಿಸಿಯಲ್ಲಿ ಇಟ್ಟು, ಆ ಸರ್ಕ್ಯೂಟ್ ಚಾಲೂ ಇರುವಾಗಲೇ, ಒಂದು ಕಡ್ಡಿಯನ್ನು ಫ್ಯೂಸಿಗೆ ವೈರ್ ಬರುವ ಲಗ್ಗಿಗೂ (ವೈರ್ ತುದಿಯ ಲೋಹದ ಹಿಡಿ) ಇನ್ನೊಂದನ್ನು ಹೊರಹೋಗುವ ಲಗ್ಗಿಗೂ ಮುಟ್ಟಿಸಿ. 0.2 ವೋಲ್ಟಿನೊಳಗೆ ಇದ್ದರೆ ಚಿಂತೆಯಿಲ್ಲ. ಅರ್ಧ ವೋಲ್ಟ್ ತೋರಿಸಿದರೆ ಕ್ಲಿಪ್ ಬಿಚ್ಚುವ ಹೊತ್ತು.

ಬ್ಯಾಟರಿಯ ನೆಗೆಟಿವ್ ಮೊದಲು ತೆಗೆಯಿರಿ. 600ರ ಪಾಲಿಶ್ ಕಾಗದವನ್ನು ಸಣ್ಣ ಪಟ್ಟಿಯಾಗಿ ಮಡಚಿ ಕ್ಲಿಪ್ಪಿನ ಒಳಮೈಯನ್ನು ಹಗುರವಾಗಿ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಪೂರ್ತಿ ಒಣಗಲು ಬಿಡಿ. ಹಿತ್ತಾಳೆ ಎಂದ ಕೂಡಲೇ ಹುಣಸೆಹುಳಿ ನೆನಪಾಗುತ್ತದೆ; ದೇವರ ದೀಪಕ್ಕೆ ಸರಿ, ಇಲ್ಲಿ ಬೇಡ. ಸಂದಿಯಲ್ಲಿ ಉಳಿದ ಹುಳಿ ಒಂದೇ ಮಳೆಗಾಲದಲ್ಲಿ ಕ್ಲಿಪ್ಪನ್ನು ತಿನ್ನುತ್ತದೆ. ಸಡಿಲ ಕ್ಲಿಪ್ಪನ್ನು ನೋಸ್ ಪ್ಲೈಯರಿನಲ್ಲಿ ಸ್ವಲ್ಪವೇ ಒತ್ತಿ. ಕಾದು ಬಣ್ಣಗೆಟ್ಟದ್ದಾದರೆ ಬದಲಿಸುವುದೇ ಮೇಲು. ಕೊನೆಗೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ, ಇಲ್ಲದಿದ್ದರೆ ವ್ಯಾಸಲೀನ್. ಟಾರ್ಪಿಡೊ ಇರುವ ಕಾರಿನಲ್ಲಿ ತಿಂಗಳಿಗೊಮ್ಮೆ ಪ್ರತಿ ಫ್ಯೂಸನ್ನೂ ಕೂತಲ್ಲೇ ಬೆರಳಿನಿಂದ ನಾಲ್ಕು ಸುತ್ತು ತಿರುಗಿಸಿದರೆ ಅರ್ಧ ಕಾಟ ಕಡಿಮೆ. ಅಲ್ಯೂಮಿನಿಯಂ ಪಟ್ಟಿಯ ಟಾರ್ಪಿಡೊ ಅಗ್ಗ, ಆದರೆ ಹಿತ್ತಾಳೆ ಕ್ಲಿಪ್ಪಿನ ಜೊತೆ ಉಪ್ಪುತೇವ ಸೇರಿದರೆ ಬೇಗ ಬಿಳಿಪುಡಿಯಾಗುತ್ತದೆ. ತಾಮ್ರದ ಪಟ್ಟಿಯದು ಸಿಕ್ಕರೆ ಅದನ್ನೇ ತನ್ನಿ.

ಹಾಕಿದ ಫ್ಯೂಸೆಲ್ಲ ಹೋಗುತ್ತಿದ್ದರೆ ಒಂದಾದ ಮೇಲೊಂದು ಫ್ಯೂಸ್ ಬಲಿ ಕೊಡಬೇಡಿ. 12 ವೋಲ್ಟ್ 21 ವ್ಯಾಟಿನ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಬೆಸೆದು ಫ್ಯೂಸಿನ ಜಾಗದಲ್ಲಿ ಸಿಕ್ಕಿಸಿ. ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಆದರೆ ವೈರಿನಲ್ಲಿ ಎರಡು ಆಂಪಿಯರ್ ಕೂಡ ಹರಿಯುವುದಿಲ್ಲ. ಈಗ ಆ ಫ್ಯೂಸಿನಡಿಯ ಒಂದೊಂದೇ ಸಾಮಾನಿನ ಪಿನ್ ಕಳಚುತ್ತ, ವೈರ್ ಕಟ್ಟನ್ನು ಅಲುಗಾಡಿಸುತ್ತ ಹೋಗಿ. ಎಲ್ಲಿ ಬಲ್ಬ್ ಮಂಕಾಯಿತೋ ಅಲ್ಲಿ ಕಳ್ಳ. ಡಿಕ್ಕಿಯ ಹಿಂಜ್, ಬಾಗಿಲಿನ ಸಂದು, ನಂಬರ್ ಪ್ಲೇಟ್ ದೀಪ, ಎಂಜಿನ್ ಕಡೆಯಿಂದ ಒಳಗೆ ಬರುವ ತೂತಿನ ಒಣಗಿದ ರಬ್ಬರ್: ಹುಡುಕಾಟ ಇಲ್ಲಿಂದಲೇ ಶುರುವಾಗಲಿ.

ಇನ್ನು ರಿಲೇ. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ನಡೆಸುವ ಸ್ವಿಚ್ ಅದು. ಅದರ ಕಾಲುಗಳಿಗೆ ಅಂಕಿಗಳಿವೆ: 85 ಮತ್ತು 86 ಕಾಯಿಲ್, ಅಂದರೆ ಕರೆಂಟ್ ಹರಿದಾಗ ಅಯಸ್ಕಾಂತವಾಗುವ ತಂತಿ ಸುರುಳಿ. 30ಕ್ಕೆ ಬ್ಯಾಟರಿ, 87ರಿಂದ ಲೋಡಿಗೆ. ಐದು ಕಾಲಿನದರಲ್ಲಿ 87ಎ ಇರುತ್ತದೆ. ರಿಲೇ ಸುಮ್ಮನಿರುವಾಗ 30 ಅದಕ್ಕೇ ಅಂಟಿಕೊಂಡಿರುತ್ತದೆ, ಹಾಗಾಗಿ ತಪ್ಪಿ ಹಾರ್ನಿನ ವೈರನ್ನು ಅಲ್ಲಿ ಕೊಟ್ಟರೆ ಅರಚಾಟ ನಿಲ್ಲುವುದಿಲ್ಲ. ಕಾಯಿಲ್ 70ರಿಂದ 100 ಓಮ್ ತೋರಿಸಿದರೆ ಆರೋಗ್ಯ. ‘ಟಿಕ್’ ಸದ್ದು ಬಂತೆಂದು ರಿಲೇ ಸರಿಯಿದೆ ಎನ್ನಬೇಡಿ, ಅದು ಕಾಯಿಲಿನ ಸದ್ದು. ಪಾಯಿಂಟ್ (ಒಳಗೆ ಕೂಡಿ ಕರೆಂಟ್ ಬಿಡುವ ಲೋಹದ ತುದಿ) ಸುಟ್ಟಿದ್ದರೂ ಟಿಕ್ ಎನ್ನುತ್ತದೆ, ಕರೆಂಟ್ ಬಿಡುವುದಿಲ್ಲ. ಲೋಡ್ ಓಡುತ್ತಿರುವಾಗ 30 ಮತ್ತು 87ರ ನಡುವೆಯೂ 0.2 ವೋಲ್ಟಿನೊಳಗೆ ಇರಬೇಕು. ಪಕ್ಕದ ರಿಲೇ ಅದಲುಬದಲು ಮಾಡಿ ನೋಡುವುದು ಸುಲಭ, ಆದರೆ ನೋಡಲು ಒಂದೇ ಥರ ಇರುವ ಕೆಲವದರಲ್ಲಿ 30 ಮತ್ತು 86ರ ಜಾಗ ಅದಲಾಗಿರುತ್ತದೆ. ತಳದ ಅಂಕಿ ಓದಿ ಹಾಕಿ. ಮೈಮೇಲಿನ ಚಿತ್ರದಲ್ಲಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇದ್ದರೆ 86 ಪಾಸಿಟಿವ್ ಆಗಲೇಬೇಕು.

ದೇವಿಮನೆ ಘಟ್ಟದ ಮಂಜಿನಲ್ಲಿ ಹೆಡ್‌ಲೈಟ್ ಮೊಂಬತ್ತಿಯಂತೆ ಕಂಡರೆ 100/90 ವ್ಯಾಟಿನ ಬಲ್ಬಿಗೆ ಓಡಬೇಡಿ. ಅದು ಕಾನೂನಿಗೂ ಹೊರಗೆ, ಹಳೆ ಸ್ವಿಚ್ಚಿಗೂ ಭಾರ. ಬಲ್ಬಿಗೆ ತಲುಪುವ ವೋಲ್ಟೇಜ್ 10 ಪ್ರತಿಶತ ಇಳಿದರೆ ಬೆಳಕು ಸುಮಾರು 30 ಪ್ರತಿಶತ ಇಳಿಯುತ್ತದೆ. ಇದ್ದ 60/55 ಬಲ್ಬಿಗೇ ಎರಡು 30 ಆಂಪಿಯರ್ ರಿಲೇ ಕೊಡಿ, ಒಂದು ಹೈ ಬೀಮಿಗೆ, ಒಂದು ಲೋ ಬೀಮಿಗೆ. ಬ್ಯಾಟರಿಯಿಂದ 2.5 ಚದರ ಮಿ.ಮೀ. ವೈರ್, ಬ್ಯಾಟರಿಯಿಂದ ಗೇಣುದ್ದದೊಳಗೆ ಪ್ರತಿ ರಿಲೇಗೂ 15 ಆಂಪಿಯರಿನ ಫ್ಯೂಸ್. ಬಲ್ಬಿಗೆ ಬರುತ್ತಿದ್ದ ಹಳೆ ವೈರ್ ಈಗ 86ಕ್ಕೆ, 85 ಕಾರಿನ ಲೋಹದ ಮೈಗೆ (ಅರ್ಥ್). ಕೆಲವು ಜಪಾನಿ ಮೂಲದ ಕಾರುಗಳಲ್ಲಿ ಸ್ವಿಚ್ ಇರುವುದು ಅರ್ಥಿನ ಕಡೆ, ಅಲ್ಲಿ ಈ ಜೋಡಣೆ ನಡೆಯುವುದಿಲ್ಲ. ಮೊದಲು ಮೀಟರ್ ಹಿಡಿದು ನೋಡಿ. ರಿಲೇಯ ಕಾಲುಗಳು ಕೆಳಮುಖವಾಗಿರಲಿ. ವೈರ್ ಒಮ್ಮೆ ಕೆಳಗಿಳಿದು ಮೇಲೇರಿ ಬರಲಿ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಶಿರಸಿ ಕಡೆ, ಘಟ್ಟದ ಮೇಲೆ, ಉಪ್ಪಿನ ಕಾಟ ಕಡಿಮೆ. ಇಲಿ, ಇರುವೆಯದ್ದು ಹೆಚ್ಚು. ಅಡಿಕೆ ಮನೆಯ ಪಕ್ಕ ನಿಲ್ಲಿಸಿದ ಕಾರಿನಲ್ಲಿ ಇಲಿ ಕಚ್ಚಿದ ವೈರಿಗೆ ಬರೀ ಟೇಪ್ ಸುತ್ತಿದರೆ ಮಳೆಗೆ ತೇವ ಹಿಡಿಯುತ್ತದೆ. ಬೆಸೆದು, ಶಾಖಕ್ಕೆ ಕುಗ್ಗುವ ಕೊಳವೆ ಏರಿಸಿ. ರಿಲೇಯೊಳಗೆ ಹೊಕ್ಕ ಇರುವೆ ಪಾಯಿಂಟುಗಳ ನಡುವೆ ಸಿಕ್ಕಿ ಸಾಯುತ್ತದೆ. ಟಿಕ್ ಎಂದರೂ ಕರೆಂಟ್ ಬಿಡದ ರಿಲೇಯನ್ನು ಬಿಸಾಡುವ ಮೊದಲು ಮುಚ್ಚಳ ಎಬ್ಬಿಸಿ ನೋಡಿ.