65 ಸುತ್ತು ಬೇಡ, 13 ಸಾಕು: ಟ್ರೇಲರ್‌ನ ಪ್ರೊಪೇನ್ ಟ್ಯಾಂಕ್ ಬಿಗಿಯುವ ಸುಲಭ ದಾರಿ

ಸೆಪ್ಟೆಂಬರ್ ನಡುವಿನ ಒಂದು ರಾತ್ರಿ. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಮ್ಯಾಡಿಸನ್ ಕ್ಯಾಂಪ್‌ಗ್ರೌಂಡ್‌ನಲ್ಲಿ ನಮ್ಮ ಟ್ರಾವೆಲ್ ಟ್ರೇಲರ್, ಅಂದರೆ ಗಾಡಿಯ ಹಿಂದೆ ಎಳೆದೊಯ್ಯುವ ಪುಟ್ಟ ಮನೆ, ನಿಂತಿತ್ತು. ಅಲ್ಲಿ ಕರೆಂಟ್ ಕನೆಕ್ಷನ್ ಇಲ್ಲ. ಹೀಟರ್, ಒಲೆ, ಬಿಸಿನೀರು ಎಲ್ಲವೂ ಪ್ರೊಪೇನ್ ಮೇಲೆ. ಒಂದು ಟ್ಯಾಂಕ್ ಮೊದಲೇ ಖಾಲಿಯಾಗಿತ್ತು, ಬೆಳಗಿನ ಜಾವ ಎರಡನೆಯದೂ ಮುಗಿಯಿತು. ಬೆಳಕು ಹರಿಯುವ ಹೊತ್ತಿಗೆ ಕೈ ಮರಗಟ್ಟುವ ಚಳಿಯಲ್ಲಿ, ಟ್ಯಾಂಕ್‌ಗಳನ್ನು ಹಿಡಿದಿಡುವ ವಿಂಗ್ ನಟ್ (ಎರಡು ಕಿವಿ ಇರುವ, ಕೈಯಲ್ಲೇ ತಿರುಗಿಸುವ ನಟ್) ತಿರುಗಿಸುತ್ತಾ ಕೂತೆ. ವೆಸ್ಟ್ ಯೆಲ್ಲೋಸ್ಟೋನ್ ಊರಿನಲ್ಲಿ ಗ್ಯಾಸ್ ತುಂಬಿಸಿಕೊಂಡು ಬಂದು ಮತ್ತೆ ಅಷ್ಟೇ ಸುತ್ತು ತಿರುಗಿಸಬೇಕಿತ್ತು. ಅರ್ಧಕ್ಕೆ ಬೆರಳು ಸೋತವು. ಸಾಕು ಅನಿಸಿ ಬಿಟ್ಟೆ.

ಮರುದಿನ ಗ್ರ್ಯಾಂಡ್ ಟೀಟನ್ ಕಡೆ ಹೊರಟಾಗ ದಾರಿಯಲ್ಲಿ ನಿಲ್ಲಿಸಿ ನೋಡಿದರೆ ಒಂದು ಟ್ಯಾಂಕ್ ತನ್ನ ತಟ್ಟೆಯಲ್ಲಿ ಅಲುಗಾಡುತ್ತಿತ್ತು. ರಬ್ಬರ್ ಪೈಪು ಬ್ರಾಕೆಟ್‌ನ ಅಂಚಿಗೆ ಉಜ್ಜಿ ಗೀರು ಬಿದ್ದಿತ್ತು. ಆ ಗೀರು ನೋಡಿದಾಗ ಆದ ಭಯ ಇನ್ನೂ ನೆನಪಿದೆ. ಕೆಲಸ ಕಷ್ಟವಾಗಿದ್ದರೆ ಒಂದಲ್ಲ ಒಂದು ದಿನ ನಾವು ಅದನ್ನು ಅರ್ಧಕ್ಕೆ ಬಿಡುತ್ತೇವೆ. ಆದ್ದರಿಂದ ಈ ಕೆಲಸವನ್ನೇ ಸುಲಭ ಮಾಡಿಕೊಳ್ಳಬೇಕು ಎಂದು ಅವತ್ತೇ ನಿರ್ಧರಿಸಿದೆ. ಅಮೆರಿಕದಲ್ಲಿ ಟ್ರೇಲರ್ ಕೊಂಡಿರುವ, ಕೊಳ್ಳಲಿರುವ ಕನ್ನಡಿಗರಿಗಾಗಿ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಷ್ಟೊಂದು ಸುತ್ತು ಯಾಕೆ?

ಟ್ರೇಲರ್‌ನ ಮೂತಿಯಲ್ಲಿ ಎರಡು ಟ್ಯಾಂಕ್‌ಗಳ ನಡುವೆ ಒಂದು ಉದ್ದನೆಯ ಥ್ರೆಡ್ ರಾಡ್, ಅಂದರೆ ತಿರುಪಿನ ಗೆರೆಗಳಿರುವ ಸರಳು, ನಿಂತಿರುತ್ತದೆ. ಟ್ಯಾಂಕ್‌ಗಳ ಕತ್ತಿನ ಮೇಲೆ ಅಡ್ಡಡ್ಡ ಒಂದು ಬ್ರಾಕೆಟ್ ಕೂರುತ್ತದೆ. ಅದನ್ನು ಅದುಮಿ ಹಿಡಿಯುವುದು ಒಂದೇ ಒಂದು ವಿಂಗ್ ನಟ್. 20 ಪೌಂಡ್ ಗ್ಯಾಸ್ ಹಿಡಿಯುವ ಟ್ಯಾಂಕ್ ಕುಳ್ಳು, 30 ಪೌಂಡಿನದು ಎತ್ತರ. ಎರಡಕ್ಕೂ ಆಗಲಿ ಎಂದು ಎಷ್ಟೋ ಟ್ರೇಲರ್‌ಗಳಲ್ಲಿ ರಾಡನ್ನು ಉದ್ದವಾಗಿಯೇ ಬಿಟ್ಟಿರುತ್ತಾರೆ.

ನಮ್ಮ ರಾಡ್ ಅರ್ಧ ಇಂಚು ದಪ್ಪ. ಒಂದು ಇಂಚಿಗೆ 13 ಥ್ರೆಡ್. ಬ್ರಾಕೆಟ್‌ನ ಮೇಲೆ ರಾಡ್ 5 ಇಂಚು ಚಾಚಿಕೊಂಡಿತ್ತು. ಅಂದರೆ ನಟ್ ಕೆಳಗಿಳಿಯಲು 65 ಸುತ್ತು, ಬಿಚ್ಚಲು ಇನ್ನೊಂದು 65. ರಾಡ್ ಇದಕ್ಕಿಂತ ತೆಳುವಾಗಿದ್ದರೆ ಇನ್ನೂ ಜಾಸ್ತಿ, ಯಾಕೆಂದರೆ ಅಂಥ ರಾಡ್‌ಗಳಲ್ಲಿ ಸಾಮಾನ್ಯವಾಗಿ ಥ್ರೆಡ್ ಇನ್ನಷ್ಟು ಒತ್ತಾಗಿರುತ್ತದೆ.

ತೂಕವನ್ನೂ ಲೆಕ್ಕ ಹಾಕಿ. 30 ಪೌಂಡ್ ಟ್ಯಾಂಕ್ ತುಂಬಿದಾಗ ಸುಮಾರು 25 ಕೆ.ಜಿ. ನಮ್ಮೂರ ಅಡುಗೆಮನೆಯ 14.2 ಕೆ.ಜಿ. ಗ್ಯಾಸಿನ ಸಿಲಿಂಡರ್ ತುಂಬಿದಾಗ ಹತ್ತಿರ ಹತ್ತಿರ 30 ಕೆ.ಜಿ. ಆಗುತ್ತದೆ, ಅದನ್ನು ಎತ್ತಿದವರಿಗೆ ಅಂದಾಜು ಸಿಗುತ್ತದೆ. ಅಂಥ ಎರಡು ಟ್ಯಾಂಕ್ ಹೆದ್ದಾರಿಯ ಕುಲುಕಾಟದಲ್ಲಿ ಒಂದು ನಟ್ ನಂಬಿ ನಿಂತಿರುತ್ತವೆ.

ಉಪಾಯ ಒಂದು ತುಂಡು ಕೊಳವೆ

ನಟ್ ಅಷ್ಟು ದೂರ ಇಳಿಯುವ ಬದಲು, ಬ್ರಾಕೆಟ್‌ನ ಮೇಲೆ ರಾಡಿಗೆ ಒಂದು ಕೊಳವೆ ತುಂಡು ತೊಡಿಸಿದರೆ ಆಯಿತು. ನಟ್ ಕೊಳವೆಯ ತಲೆಯನ್ನು ಒತ್ತುತ್ತದೆ, ಕೊಳವೆ ಬ್ರಾಕೆಟ್ಟನ್ನು ಒತ್ತುತ್ತದೆ. ಹಿಡಿತ ಅಷ್ಟೇ ಗಟ್ಟಿ, ಸುತ್ತು ಕಡಿಮೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಮನೆ ವೈರಿಂಗಿಗೆ ಬಳಸುವ ಅರ್ಧ ಇಂಚಿನ ಉಕ್ಕಿನ ಕೊಳವೆ ಸಿಗುತ್ತದೆ. ಇಎಂಟಿ ಎಂದು ಕೇಳಿ. ಅರ್ಧ ಇಂಚಿನ ರಾಡ್ ಅದರೊಳಗೆ ಸಲೀಸಾಗಿ ಹೋಗುತ್ತದೆ. ಜೊತೆಗೆ ರಾಡಿಗೆ ಸರಿಹೋಗುವ ಎರಡು ದಪ್ಪ ವಾಷರ್ ಬೇಕು, ಕೊಳವೆಗಿಂತ ಅಗಲವಾಗಿರಬೇಕು. ಅಳತೆ ಟೇಪು, ಹ್ಯಾಕ್ಸಾ ಬ್ಲೇಡು, ಅರ, ತಂತಿ ಬ್ರಷ್, ನಟ್ ಕಚ್ಚಿಕೊಳ್ಳದಂತೆ ಥ್ರೆಡ್‌ಗೆ ಸವರುವ ಆ್ಯಂಟಿ-ಸೀಜ್ ಪೇಸ್ಟ್ ಇಷ್ಟಿದ್ದರೆ ಸಾಕು.

ಕೊಳವೆಯ ಬದಲು ಪಿವಿಸಿ ಪೈಪು ಹಾಕುವವರೂ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಸದಾ ಒತ್ತಡದಲ್ಲಿರುವ ಪ್ಲಾಸ್ಟಿಕ್ ನಿಧಾನವಾಗಿ ಕುಗ್ಗುತ್ತದೆ, ಬಿಸಿಲಿಗೆ ಪೆಡಸಾಗುತ್ತದೆ. ಅದು ಕೂದಲೆಳೆಯಷ್ಟು ಕುಗ್ಗಿದರೂ ನಟ್ ಸಡಿಲವೇ ಅಲ್ವಾ?

ಮಾಡುವ ಬಗೆ

ಮೊದಲು ಟ್ರೇಲರ್ ಸಮತಟ್ಟಾದ ಜಾಗದಲ್ಲಿರಲಿ, ಚಕ್ರಗಳಿಗೆ ಅಡ್ಡಗಟ್ಟೆ ಕೊಡಿ. ಒಳಗಿನ ಒಲೆ, ಹೀಟರ್, ಫ್ರಿಜ್ ಎಲ್ಲ ಆರಿಸಿ. ಎರಡೂ ಟ್ಯಾಂಕ್‌ಗಳ ವಾಲ್ವ್ ಮುಚ್ಚಿ, ಪೈಪು ಬಿಚ್ಚಿ, ಟ್ಯಾಂಕ್‌ಗಳನ್ನು ದೂರ ಒಯ್ದು ನೇರವಾಗಿ ನಿಲ್ಲಿಸಿ. ಮಲಗಿಸಬೇಡಿ. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಸೋರಿದರೆ ನೆಲದ ಮೇಲೇ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಕೊಳವೆ ಕತ್ತರಿಸುವ, ಉಜ್ಜುವ ಕೆಲಸವನ್ನು ಟ್ಯಾಂಕ್ ಹತ್ತಿರ ಮಾಡಲೇಬೇಡಿ. ಕಿಡಿ ಹಾರುವ ಗ್ರೈಂಡರ್ ಅಂತೂ ಬೇಡವೇ ಬೇಡ. ಈ ತೆಳು ಕೊಳವೆಗೆ ಕೈ ಬ್ಲೇಡು ಧಾರಾಳ ಸಾಕು.

ಟ್ಯಾಂಕ್ ಹೊರಗಿರುವಾಗಲೇ ಅವುಗಳ ಕೊರಳಪಟ್ಟಿ ನೋಡಿ. ತಯಾರಾದ ತಿಂಗಳು, ವರ್ಷ ಅಲ್ಲಿ ಒತ್ತಿರುತ್ತದೆ. ಅಮೆರಿಕದಲ್ಲಿ 12 ವರ್ಷ ದಾಟಿದ ಟ್ಯಾಂಕಿಗೆ ಮರುಪರೀಕ್ಷೆ ಆಗದೆ ಗ್ಯಾಸ್ ತುಂಬುವಂತಿಲ್ಲ. ವಾಲ್ವಿನ ಹಿಡಿ ತ್ರಿಕೋನದಂತಿದೆಯೇ ನೋಡಿ. ಜಾಸ್ತಿ ತುಂಬದಂತೆ ತಡೆಯುವ ವಾಲ್ವ್ ಅದು. ಅದಿಲ್ಲದ ಹಳೆಯ ಟ್ಯಾಂಕ್‌ಗಳಿಗೆ 2002ರ ಏಪ್ರಿಲ್‌ನಿಂದ ತುಂಬಿಸುವುದನ್ನೇ ನಿಲ್ಲಿಸಿದ್ದಾರೆ.

ಈಗ ರಾಡ್. ಎಷ್ಟೋ ಸಲ ನಟ್ ಬಿಗಿಯಾಗಿ ತಿರುಗಲು ತುಕ್ಕೇ ಕಾರಣ. ತಂತಿ ಬ್ರಷ್‌ನಿಂದ ಮೇಲಿಂದ ಕೆಳಕ್ಕೆ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಆ್ಯಂಟಿ-ಸೀಜ್ ಪೇಸ್ಟ್ ತೆಳುವಾಗಿ ಸವರಿ. ಥ್ರೆಡ್ ಸವೆದಿದ್ದರೆ ಅಥವಾ ರಾಡ್ ಬಾಗಿದ್ದರೆ ರಾಡನ್ನೇ ಬದಲಿಸಿ, ಅದಕ್ಕೆ ಕೊಳವೆ ಪರಿಹಾರವಲ್ಲ.

ಅಳತೆ ತೆಗೆಯಲು ಟ್ಯಾಂಕ್‌ಗಳನ್ನು ವಾಪಸ್ ತಟ್ಟೆಗಳ ಮೇಲೆ ಇಟ್ಟು ಬ್ರಾಕೆಟ್ ಕೂರಿಸಿ. ಬ್ರಾಕೆಟ್‌ನ ಮೇಲ್ಮೈಯಿಂದ ರಾಡಿನ ತುದಿಯವರೆಗೆ ಅಳೆಯಿರಿ. ಅದರಲ್ಲಿ ಒಂದೂಕಾಲು ಇಂಚು ಕಳೆಯಿರಿ. ನಮ್ಮದು 5 ಇಂಚು, ಹಾಗಾಗಿ ಕೊಳವೆ ಮೂರೂಮುಕ್ಕಾಲು ಇಂಚು. ಕಳೆದ ಒಂದೂಕಾಲು ಇಂಚಿನಲ್ಲಿ ಎರಡು ವಾಷರ್‌ಗೆ ಕಾಲು ಇಂಚು ಹೋಗುತ್ತದೆ. ಉಳಿದ ಒಂದು ಇಂಚಿನಲ್ಲಿ ನಟ್ ಪೂರ್ತಿ ಕೂತು ತುದಿಯಲ್ಲಿ ಇನ್ನೂ ರಾಡ್ ಕಾಣಬೇಕು. ಒಂದು ಇಂಚು ಅಂದರೆ 13 ಸುತ್ತು. ಟ್ಯಾಂಕ್‌ಗಳನ್ನು ಮತ್ತೆ ದೂರ ಸರಿಸಿ, ಕೊಳವೆಯನ್ನು ನೇರವಾಗಿ ಕತ್ತರಿಸಿ, ಅಂಚು ಅರದಿಂದ ನಯ ಮಾಡಿ, ಕತ್ತರಿಸಿದ ಬಾಯಿಗೆ ತುಸು ಬಣ್ಣ ಹಚ್ಚಿ. ಓರೆಯಾಗಿ ಕತ್ತರಿಸಿದರೆ ಒತ್ತಡ ಒಂದೇ ಬದಿಗೆ ಬೀಳುತ್ತದೆ. ಆತುರ ಬೇಡ.

ಮತ್ತೆ ಜೋಡಿಸುವಾಗ ಟ್ಯಾಂಕಿನ ಕೆಳಗಿನ ಬಳೆ ತಟ್ಟೆಯ ಅಂಚಿನೊಳಗೆ ಪೂರ್ತಿ ಕೂತಿದೆಯೇ ಕೈಯಿಂದ ಮುಟ್ಟಿ ನೋಡಿ. ಸದ್ದು ಬಾರದಿರಲಿ ಎಂದು ಕೆಲವರು ಅಡಿಗೆ ದಪ್ಪ ರಬ್ಬರ್ ಹಾಸುತ್ತಾರೆ. ನೀರು ನಿಂತು ಬಳೆ ತುಕ್ಕು ಹಿಡಿಯುವುದು ಅಲ್ಲಿಂದಲೇ. ಬ್ರಾಕೆಟ್ ಇಳಿಸುವಾಗ ಅದರ ಜೊತೆ ರೆಗ್ಯುಲೇಟರ್ ಇದ್ದರೆ ಪೈಪು ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ. ಆಮೇಲೆ ಒಂದು ವಾಷರ್, ಕೊಳವೆ, ಇನ್ನೊಂದು ವಾಷರ್, ಕೊನೆಗೆ ವಿಂಗ್ ನಟ್. ಬೆರಳು ನೋಯುವವರು ವಿಂಗ್ ನಟ್ ಬದಲು ಅದೇ ಅಳತೆಯ ಥ್ರೆಡ್ ಇರುವ ದೊಡ್ಡ ಹಿಡಿ ಹಾಕಿಕೊಳ್ಳಬಹುದು. ಗ್ಲೌಸ್ ಹಾಕಿಕೊಂಡೂ ತಿರುಗಿಸಬಹುದು.

ಬಿಗಿದ ಮೇಲೆ ಪ್ರತಿ ಟ್ಯಾಂಕಿನ ಕೊರಳು ಹಿಡಿದು ಜೋರಾಗಿ ಅಲ್ಲಾಡಿಸಿ. ಟ್ಯಾಂಕ್ ಅಲುಗಿದರೆ ಟ್ರೇಲರ್ ಸಮೇತ ಅಲುಗಬೇಕು, ಅದೊಂದೇ ಅಲುಗಬಾರದು. ಈ ಪರೀಕ್ಷೆ ಬಿಡಲೇಬೇಡಿ. ಕೆಲವು ರಾಡ್‌ಗಳಲ್ಲಿ ಮೇಲಿನ ಭಾಗದಲ್ಲಿ ಮಾತ್ರ ಥ್ರೆಡ್ ಇರುತ್ತದೆ. ಕೊಳವೆ ಗಿಡ್ಡವಾದರೆ ನಟ್ ಥ್ರೆಡ್ ಮುಗಿಯುವ ಜಾಗಕ್ಕೆ ಬಂದು ಕಚ್ಚಿಕೊಳ್ಳುತ್ತದೆ. ಕೈಗೆ ಬಿಗಿಯಾದ ಹಾಗೇ ಅನಿಸುತ್ತದೆ, ಕೆಳಗೆ ಬ್ರಾಕೆಟ್ ಸಡಿಲವಾಗಿಯೇ ಇರುತ್ತದೆ.

ಪೈಪು ಜೋಡಿಸಲು ಸ್ಪ್ಯಾನರ್ ಬೇಡ. ಈಗಿನ ಟ್ರೇಲರ್‌ಗಳಲ್ಲಿ ಹಸಿರು ಪ್ಲಾಸ್ಟಿಕ್ ನಟ್ ಇರುತ್ತದೆ, ಕೈಯಲ್ಲೇ ಬಿಗಿದರೆ ಸಾಕು. ವಾಲ್ವ್ ನಿಧಾನವಾಗಿ ತೆರೆಯಿರಿ. ಸರಕ್ಕನೆ ತೆರೆದರೆ ಒಳಗಿನ ಸುರಕ್ಷತಾ ತಡೆ ಇದನ್ನು ಸೋರಿಕೆ ಎಂದೇ ಎಣಿಸಿ ಗ್ಯಾಸ್ ತಡೆಯುತ್ತದೆ, ಹೀಟರ್ ಹತ್ತುವುದಿಲ್ಲ. ಆಮೇಲೆ ಪಾತ್ರೆ ತೊಳೆಯುವ ಸೋಪಿನ ನೀರು ಹಚ್ಚಿ ನೋಡಿ. ಗುಳ್ಳೆ ಬಂದರೆ ವಾಲ್ವ್ ಮುಚ್ಚಿ ಮತ್ತೆ ಜೋಡಿಸಿ.

ಬೀಗ ಹಾಕಬಹುದೇ?

ಹಾಕಬಹುದು. ನಟ್ಟಿಗೆ ಅಥವಾ ಟ್ಯಾಂಕಿನ ಕೊರಳಿಗೆ ಸರಪಳಿ ಕಟ್ಟಿ ಬೀಗ ಹಾಕಿ. ಆದರೆ ವಾಲ್ವಿನ ಹಿಡಿಗೆ ಕೈ ಎಟುಕದಂತೆ ಯಾವುದನ್ನೂ ಮುಚ್ಚಬೇಡಿ. ಬೆಂಕಿ ಬಿದ್ದ ಹೊತ್ತಿನಲ್ಲಿ ಬೀಗದ ಕೈ ಹುಡುಕುವಷ್ಟು ಸಮಯ ಇರುವುದಿಲ್ಲ. ವಾಲ್ವ್ ಮುಚ್ಚುವುದನ್ನು ಮನೆಯವರೆಲ್ಲರಿಗೂ ಕಲಿಸಿಕೊಡಿ, ದೊಡ್ಡ ಮಕ್ಕಳಿಗೂ. ಪ್ಲಾಸ್ಟಿಕ್ ಮುಚ್ಚಳ ಹಾಕುವ ಮುಂಚೆ ಕೊಳವೆ, ನಟ್ ಅದಕ್ಕೆ ತಾಗುತ್ತಿಲ್ಲವೇ ಎಂದೂ ನೋಡಿ. ಕೆಲವು ಮುಚ್ಚಳಗಳು ಇದೇ ರಾಡಿನ ತುದಿಗೇ ಸಿಕ್ಕಿಕೊಳ್ಳುತ್ತವೆ, ಅಂಥ ಕಡೆ ತುದಿಯನ್ನು ಇನ್ನೂ ಸ್ವಲ್ಪ ಬಿಟ್ಟು ಕೊಳವೆ ಗಿಡ್ಡ ಮಾಡಬೇಕು.

ಕೊನೆಗೆ ನಟ್ ಮತ್ತು ವಾಷರ್ ಎರಡರ ಮೇಲೂ ಹಾಯುವಂತೆ ಚಾಕ್‌ಪೀಸಿನಲ್ಲಿ ಒಂದು ಗೆರೆ ಎಳೆಯಿರಿ. ಹೊರಡುವಾಗ ವಾಲ್ವ್ ಮುಚ್ಚಿ. ಮೊದಲ 50 ಮೈಲಿ ಆದ ಮೇಲೆ ಗಾಡಿ ನಿಲ್ಲಿಸಿ ಇಳಿದು ನೋಡಿ. ಗೆರೆ ಸೇರಿಕೊಂಡೇ ಇದ್ದರೆ ನಟ್ ಜಾರಿಲ್ಲ. ಗೆರೆ ಒಡೆದಿದ್ದರೆ ಬಿಗಿದು, ಒರೆಸಿ, ಹೊಸ ಗೆರೆ ಎಳೆದು ಮುಂದೆ ಹೋಗಿ.